ಹಿಂದಿನವರ ಹಾಗೆ ಮಕ್ಕಳನ್ನು ಬೆಳೆಸಬೇಕೇ? ಪರ – ವಿರೋಧ

ಪರ: ಬೇಕು, ಮಕ್ಕಳನ್ನು ನಂಬಿ ಬಿಡುವುದನ್ನು ಮತ್ತೆ ಕಲಿಯಬೇಕು

ಏಪ್ರಿಲ್ 10ಕ್ಕೆ ರಿಸಲ್ಟ್ ಬಂತು ಅಂದರೆ ಆಗ ಮಕ್ಕಳು ಮನೆಯವರ ಕೈಗೆ ಸಿಗುತ್ತಿರಲಿಲ್ಲ. ಅಜ್ಜಿ ಮನೆಗೆ ಹೋದವರು ಮೇ ಕೊನೆಯವರೆಗೂ ಅಲ್ಲೇ. ಲಗೋರಿ, ಚಿನ್ನಿದಾಂಡು, ಮರಕೋತಿ. ಬಿಸಿಲು ಜಾಸ್ತಿಯಾದರೆ ಒಳಗೆ ಕೂತು ಚೌಕಾಬಾರ. ಯಾವ ಆಟಕ್ಕೂ ದೊಡ್ಡವರ ಕಾವಲು ಇರುತ್ತಿರಲಿಲ್ಲ. ಔಟೋ ಅಲ್ವೋ ಎಂದು ಮಕ್ಕಳೇ ಜಗಳವಾಡಿ, ಟೂ ಬಿಟ್ಟು, ಸಂಜೆಯೊಳಗೆ ತಾವೇ ರಾಜಿಯಾಗುತ್ತಿದ್ದರು. ಈಗ ಅದೇ ಏಪ್ರಿಲ್‌ನಲ್ಲಿ ಸಮ್ಮರ್ ಕ್ಯಾಂಪ್ ಶುರು. ಬೆಳಿಗ್ಗೆ ಈಜು, ಆಮೇಲೆ ಡ್ರಾಯಿಂಗ್, ಮಧ್ಯಾಹ್ನ ಅಬ್ಯಾಕಸ್. ಮಕ್ಕಳಿಬ್ಬರು ಜಗಳವಾಡಿದರೆ ಸಂಜೆಯೊಳಗೆ ಅದು ಅಮ್ಮಂದಿರ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಿರುತ್ತದೆ. ರಾಜಿಯಾಗುವುದನ್ನು ಮಗು ಕಲಿಯುವುದು ಯಾವಾಗ?

ಮನೆಗೆಲಸದ ಮಾತು ಇನ್ನೂ ದೊಡ್ಡದು. ಎಂಟು ವರ್ಷದ ಮಗು ರಾಗಿ ಚೀಲ ಹೊತ್ತು ಹಿಟ್ಟಿನ ಗಿರಣಿಗೆ ಹೋಗುತ್ತಿತ್ತು. ಸೀಮೆಎಣ್ಣೆ ಕ್ಯೂನಲ್ಲಿ ಡಬ್ಬ ಇಟ್ಟುಕೊಂಡು ನಿಲ್ಲುತ್ತಿತ್ತು. ಚಿಲ್ಲರೆ ಎಣಿಸಿ ತರುತ್ತಿತ್ತು. ನನ್ನಿಂದ ಈ ಮನೆಗೆ ಉಪಯೋಗ ಇದೆ ಅನ್ನುವುದು ಆ ಮಗುವಿಗೆ ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು. ಇವತ್ತು ಹೈಸ್ಕೂಲಿಗೆ ಹೋಗುವ ಎಷ್ಟೋ ಮಕ್ಕಳು ತಿಂದ ತಟ್ಟೆಯನ್ನೂ ಎತ್ತುವುದಿಲ್ಲ. ಅದು ಅವರ ತಪ್ಪಲ್ಲ. ನಾವೇ ಕೆಲಸ ಹೇಳುವುದನ್ನು ಬಿಟ್ಟಿದ್ದೇವೆ. ಓದಿಕೊಂಡರೆ ಸಾಕು ಎಂದುಬಿಟ್ಟಿದ್ದೇವೆ.

ಮನೆಯ ಅಳತೆಯೂ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಎಷ್ಟೋ ಮನೆಗಳಲ್ಲಿ ಒಂದೇ ಮಗುವಿನ ಮೇಲೆ ಎರಡು ಜೊತೆ ಕಣ್ಣು, ಇಬ್ಬರ ಆಸೆ, ಇಬ್ಬರ ಹೆದರಿಕೆ. ಆ ಭಾರ ಹೊರುವುದು ಮಗುವಿಗೆ ಸುಲಭವಲ್ಲ. ಆಗ ಅಪ್ಪ ಗದರಿದರೆ ಅಜ್ಜಿಯ ಸೆರಗು ಇತ್ತು. ಅಮ್ಮ ಸಿಡುಕಿದರೆ ಪಕ್ಕದ ಮನೆಯ ಅಕ್ಕ ಇದ್ದಳು. ಮಗುವನ್ನು ಎತ್ತಿಕೊಳ್ಳಲು ಮನೆ ತುಂಬ ಕೈಗಳಿದ್ದವು, ಓಣಿಯೆಲ್ಲ ಒಂದೇ ಮನೆಯಂತಿತ್ತು.

ಮೊಬೈಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ತೋರಿಸಲೇಬೇಡಿ, ಎರಡರಿಂದ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹಗಲಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ದೂರದ್ದು ಮಂಜಾಗುವ ಕಣ್ಣಿನ ತೊಂದರೆ ಕಡಿಮೆ ಎಂದು ಕಣ್ಣಿನ ಡಾಕ್ಟರುಗಳೂ ಹೇಳುತ್ತಾರೆ. ಚಂದಮಾಮನನ್ನು ತೋರಿಸಿ ಉಣಿಸಿದವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ವಿರೋಧ: ಬೇಡ, ಆ ಕಾಲದ ಲೆಕ್ಕ ಪೂರ್ತಿ ಒಪ್ಪಿಸಿ ಆಮೇಲೆ ಮಾತಾಡೋಣ

ಮನೆ ತುಂಬ ಕೈಗಳಿದ್ದವು ಎನ್ನುತ್ತಾರೆ. ಯಾರ ಕೈಗಳು ಅವು? ಹತ್ತು ವರ್ಷದ ಅಕ್ಕನ ಕೈಗಳು. ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡೇ ಅವಳ ಬಾಲ್ಯ ಮುಗಿಯಿತು. ತಮ್ಮ ಶಾಲೆಗೆ ಹೋದ, ಅವಳು ಹೋಗಲಿಲ್ಲ. ಹೋದರೂ ದೊಡ್ಡವಳಾದ ವರ್ಷ ಬಿಡಿಸಿದರು. ಬಾಕಿ ಕೈಗಳು ಸೊಸೆಯಂದಿರವು. ಅಪ್ಪನಾದವನು ಹಿರಿಯರ ಎದುರು ತನ್ನ ಮಗುವನ್ನೇ ಎತ್ತಿಕೊಳ್ಳುವಂತಿರಲಿಲ್ಲ ಎಷ್ಟೋ ಮನೆಗಳಲ್ಲಿ. ಇವತ್ತು ಮಗುವನ್ನು ಎದೆಗೆ ಕಟ್ಟಿಕೊಂಡು ತರಕಾರಿ ತರಲು ಹೋಗುವ ಅಪ್ಪನನ್ನು ನೋಡಿದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ.

ಓಣಿಯೆಲ್ಲ ಒಂದೇ ಮನೆಯಂತಿತ್ತು ಎನ್ನುವುದೂ ಎಲ್ಲರ ನೆನಪಲ್ಲ. ಯಾರ ಹಿತ್ತಿಲವರೆಗೆ ಹೋಗಬಹುದು, ಯಾರ ಹೊಸ್ತಿಲು ದಾಟಬಾರದು, ಯಾರ ಮನೆ ಲೋಟಕ್ಕೆ ಬಾಯಿ ಇಡಬಾರದು ಎಂದು ಮಕ್ಕಳಿಗೆ ಮೊದಲೇ ಕಲಿಸಿರುತ್ತಿದ್ದರು. ಊರಾಚೆ ಕೇರಿಯ ಮಗುವಿಗೆ ಆ ಓಣಿ ತನ್ನ ಮನೆಯಾಗಿರಲಿಲ್ಲ.

ಇನ್ನು ಹೊಡೆತ. ‘ಕಣ್ಣೆರಡು ಬಿಟ್ಟು ಬೇರೆಲ್ಲಿ ಬೇಕಾದ್ರೂ ಬಾರಿಸಿ ಮೇಷ್ಟ್ರೇ’ ಎಂದು ಶಾಲೆಗೆ ಸೇರಿಸುವ ದಿನವೇ ಹೇಳಿ ಬರುತ್ತಿದ್ದ ಅಪ್ಪಂದಿರಿದ್ದರು. ಹಳ್ಳಿಯ ಹಳೆಯ ಕೂಲಿಮಠ ಶಾಲೆಗಳ ಕಾಲದಲ್ಲಿ ಕೋದಂಡ ಏರಿಸುತ್ತಿದ್ದರು, ಎಂದರೆ ತೊಲೆಗೆ ಕಟ್ಟಿದ ಹಗ್ಗಕ್ಕೆ ಮಗುವನ್ನು ನೇತುಹಾಕುವುದು. ಆಮೇಲೆ ನಾಗರ ಬೆತ್ತ ಬಂತು. ಮನೆಯಲ್ಲಿ ಹುಣಸೆ ಬರಲು, ತೀರಾ ಹಟ ಮಾಡಿದರೆ ಮೆಣಸಿನಕಾಯಿ ಹೊಗೆ. ಎಡಗೈಯಲ್ಲಿ ಬರೆದರೆ ಗೆಣ್ಣಿನ ಮೇಲೆ ಏಟು. ಬೋರ್ಡು ಕಾಣದೆ ತಪ್ಪು ಬರೆದರೂ ಏಟು. ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಮಗುವಿಗೆ ದಡ್ಡ ಎಂಬ ಹೆಸರು, ಅದೂ ಜೀವನಪೂರ್ತಿ. ‘ಏಟು ತಿಂದಿದ್ದಕ್ಕೇ ಉದ್ಧಾರವಾದೆ’ ಎಂದು ಹೇಳುವವರು ಉದ್ಧಾರವಾದವರು ಮಾತ್ರ. ಏಟಿಗೆ ಹೆದರಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ದನದ ಹಿಂದೆ ಹೋದವನನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸು ಮುರಿಯುವುದನ್ನೂ ನಿಷೇಧಿಸಿತು. ಇಷ್ಟು ತಡವಾಗಿ ಬಂತಲ್ಲ ಎಂಬುದೇ ನನ್ನ ನೋವು.

ಕೂಸುಗಳ ಆರೈಕೆಯ ವಿಷಯಕ್ಕೂ ಬರೋಣ. ಹಿಂದಿನವರು ಕೊಟ್ಟ ಎಣ್ಣೆನೀರು, ಜೋಗುಳ, ಮಡಿಲ ಬಿಸಿ ಎಲ್ಲ ಒಳ್ಳೆಯದೇ. ಆದರೆ ಹೆತ್ತ ಕೂಡಲೇ ಬರುವ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಸಕ್ಕರೆ ನೀರು ನೆಕ್ಕಿಸಿದ ಮನೆಗಳೂ ಇದ್ದವು. ಕಾಮಾಲೆಗೆ ಬರೆ ಹಾಕಿಸಿದವರೂ ಇದ್ದರು. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಊಟ ಎಲ್ಲವೂ ಸೇರಿ ಆದ ಬದಲಾವಣೆ ಇದು. ಲಸಿಕೆಯ ದಿನ ನೆನಪಿಟ್ಟು ಕೂಸನ್ನು ಎತ್ತಿಕೊಂಡು ಹೋಗುವ ಅಮ್ಮಂದಿರ ಪಾಲೂ ಇದರಲ್ಲಿದೆ. ‘ಈಗಿನವರು ಎಲ್ಲದಕ್ಕೂ ಡಾಕ್ಟರ ಹತ್ತಿರ ಓಡುತ್ತಾರೆ’ ಎಂದು ಹಂಗಿಸುವ ಮೊದಲು ಈ ಅಂಕಿಯನ್ನು ಓದಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡದು, ಆಗ ಮಗು ಬಾಯಿ ಬಿಡುವಂತಿರಲಿಲ್ಲ. ಮಾವನೋ ಪಕ್ಕದವನೋ ಎಲ್ಲೋ ಮುಟ್ಟಿದ ಎಂದು ಹೇಳಿದರೆ ಮಗುವಿಗೇ ಬೈಗುಳ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲೆಂದೇ ಪೋಕ್ಸೋ ಕಾಯ್ದೆ ಬಂದದ್ದು 2012ರಲ್ಲಿ. ಇವತ್ತು ಐದು ವರ್ಷದ ಮಗು ‘ನಂಗೆ ಅವ್ರು ಎತ್ಕೊಳ್ಳೋದು ಇಷ್ಟ ಇಲ್ಲ’ ಎಂದು ನಾಲ್ಕು ಜನರ ಎದುರು ಹೇಳಿದರೆ ಹಿರಿಯರಿಗೆ ಅದು ಅಧಿಕಪ್ರಸಂಗ ಅನ್ನಿಸುತ್ತದೆ. ನನಗೆ ಅದು ಈ ಕಾಲದ ಅಪ್ಪ ಅಮ್ಮಂದಿರು ಗಳಿಸಿಕೊಟ್ಟ ದೊಡ್ಡ ಆಸ್ತಿ ಅನ್ನಿಸುತ್ತದೆ.

ಹೊರಗಿನ ಆಟ ಬೇಕು ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೆ ಅಪ್ಪ ಅಮ್ಮಂದಿರನ್ನೇ ಬೈದು ಏನು ಬಂತು? ಬೆಂಗಳೂರಿನಲ್ಲಿ ಲಗೋರಿ ಆಡುತ್ತಿದ್ದ ಖಾಲಿ ಸೈಟುಗಳ ಮೇಲೆ ಮನೆ ಎದ್ದಿವೆ. ರಸ್ತೆಯ ಎರಡೂ ಬದಿ ಕಾರು ನಿಂತಿವೆ. ಎಷ್ಟೋ ಪಾರ್ಕುಗಳಲ್ಲಿ ‘ಇಲ್ಲಿ ಆಟ ಆಡಬಾರದು’ ಎಂಬ ಬೋರ್ಡು ಇದೆ, 2024ರವರೆಗೂ ನಡುಮಧ್ಯಾಹ್ನ ಗೇಟಿಗೆ ಬೀಗವೂ ಇರುತ್ತಿತ್ತು. ಆ ಬೋರ್ಡು ಹಾಕಿಸಿದವರಲ್ಲಿ ವಾಕಿಂಗ್‌ಗೆ ಬರುವ ಹಿರಿಯರೂ ಇದ್ದಾರೆ. ಮಕ್ಕಳು ಹೊರಗೆ ಆಡಬೇಕು ಎನ್ನುವವರು ಮೊದಲು ಆ ಬೋರ್ಡು ತೆಗೆಸಲಿ. ವಾರ್ಡ್ ಆಫೀಸಿಗೆ ಹೋಗಿ ಒಂದು ಆಟದ ಮೈದಾನಕ್ಕೆ ಅರ್ಜಿ ಕೊಡಲಿ. ಸಹಿ ಹಾಕಲು ನಾವೂ ಬರುತ್ತೇವೆ.