ಹಳೆ ಗಾಡಿಯೊಳಗೆ ಹಳದಿ ಬೆಳಕೇ ಇರಲಿ

ಹಳೆ ಕಾರಿನ ಒಳಗಿನ ಬಲ್ಬು ತೆಗೆದು ಎಲ್‌ಇಡಿ ಹಾಕಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಹಾಕಿ. ಆದರೆ ಆ ನೀಲಿ ಬಿಳಿ ಎಲ್‌ಇಡಿ ಮಾತ್ರ ದಯವಿಟ್ಟು ಹಾಕಬೇಡಿ. ಮತ್ತೆ, ಎಲ್ಲಾ ಬಲ್ಬನ್ನೂ ಬದಲಾಯಿಸಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ಬಲ್ಬು ಹಳೆಯದೇ ಇರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊನ್ನೆ ಸಂಜೆ ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಅಂಬಾಸಿಡರ್ ನಿಂತಿತ್ತು. ಪೇಂಟು, ಕ್ರೋಮು, ಸೀಟಿನ ಹೊಲಿಗೆ, ಎಲ್ಲಾ ಅಚ್ಚುಕಟ್ಟು. ಮಾಲೀಕರು ಪ್ರೀತಿಯಿಂದ ಮಾಡಿಸಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಬಾಗಿಲು ತೆಗೆದರು ನೋಡಿ, ಒಳಗೆಲ್ಲ ಆಪರೇಷನ್ ಥಿಯೇಟರಿನ ಬೆಳಕು. ಅಷ್ಟು ಚೆಂದದ ಸೀಟು ಸತ್ತ ಬಣ್ಣಕ್ಕೆ ತಿರುಗಿತ್ತು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಲಕ್ಷಗಟ್ಟಲೆ ಖರ್ಚು ಮಾಡಿ ಗಾಡಿಯನ್ನು ಹಳೆ ರೂಪಕ್ಕೆ ತರುವುದು, ಆಮೇಲೆ ಒಂದು ಸಣ್ಣ ಬಲ್ಬಿನಿಂದ ಅದನ್ನೆಲ್ಲ ಕೆಡಿಸುವುದು. ಬೇಡ ಅಲ್ವಾ?

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಓಡಿಸಿದ ಗಾಡಿ, ಈಗ ನನ್ನ ಕೈಯಲ್ಲಿದೆ. ಅದರಲ್ಲಿ ಎಲ್‌ಇಡಿ ಇದೆ. ಹಾಗಾಗಿ ನಾನು ಎಲ್‌ಇಡಿಯ ವಿರೋಧಿ ಅಲ್ಲ. ಹಳೆ ಗಾಡಿಗೆ ಅದರ ಲಾಭ ಹೊಸ ಗಾಡಿಗಿಂತ ಜಾಸ್ತಿ. ಲೆಕ್ಕ ನೋಡಿ. ಒಳದೀಪದಲ್ಲಿ 10 ವ್ಯಾಟಿನ ಬಲ್ಬು ಇದ್ದರೆ ಅದು 12 ವೋಲ್ಟಿನಲ್ಲಿ 0.83 ಆಂಪಿಯರ್ ಎಳೆಯುತ್ತದೆ. ರಾತ್ರಿ ಬಾಗಿಲು ಸರಿಯಾಗಿ ಮುಚ್ಚದೆ 12 ಗಂಟೆ ಉರಿದರೆ ಬ್ಯಾಟರಿಯಿಂದ 10 ಆಂಪಿಯರ್ ಅವರ್ ಹೋಯಿತು. ಬ್ಯಾಟರಿ ಇರುವುದೇ 35 ಆಂಪಿಯರ್ ಅವರ್‌ನದ್ದು, ಅದಕ್ಕೂ ವಯಸ್ಸಾಗಿದ್ದರೆ ಬೆಳಿಗ್ಗೆ ಗಾಡಿ ತಳ್ಳಬೇಕು. ಅದೇ ಜಾಗದಲ್ಲಿ 1 ವ್ಯಾಟಿನ ಎಲ್‌ಇಡಿ ಇದ್ದರೆ ಹೋಗುವುದು ಒಂದೇ ಆಂಪಿಯರ್ ಅವರ್. ಇನ್ನು ಡೈನಮೋ ಇರುವ ಗಾಡಿಗಳಲ್ಲಿ ಐಡಲಿಂಗ್‌ನಲ್ಲಿ ಚಾರ್ಜೇ ಆಗುವುದಿಲ್ಲ. ಕ್ಯಾತ್ಸಂದ್ರ ಟೋಲಿನ ಸಾಲಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ನಿಂತಾಗ ಉಳಿಯುವ ಪ್ರತಿ ವ್ಯಾಟೂ ಲಾಭವೇ.

ಎರಡನೆಯದು ಬಿಸಿ. ಹಳೆಯ ತಂತಿಯ (ಫಿಲಮೆಂಟ್) ಬಲ್ಬು ತಿನ್ನುವ ಕರೆಂಟಿನಲ್ಲಿ 90 ಪರ್ಸೆಂಟಿಗಿಂತ ಜಾಸ್ತಿ ಶಾಖವಾಗಿ ಹೋಗುತ್ತದೆ. ಆ ಶಾಖ ತಡೆದುಕೊಳ್ಳಬೇಕಾದದ್ದು ನಲವತ್ತು ಐವತ್ತು ವರ್ಷದ ಪ್ಲಾಸ್ಟಿಕ್ ಮುಚ್ಚಳ. ಅದು ಹಳದಿಯಾಗಿ, ಕಂದಾಗಿ, ಕೊನೆಗೆ ಮುಟ್ಟಿದರೆ ಚೂರಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಡೀ ದಿನ ಅಲೆದರೂ ಒಳ್ಳೆಯ ಮುಚ್ಚಳ ಸಿಗುವ ಗ್ಯಾರಂಟಿ ಇಲ್ಲ. ಇದ್ದ ಮುಚ್ಚಳ ಉಳಿಸಿಕೊಳ್ಳುವುದಕ್ಕಾದರೂ ಎಲ್‌ಇಡಿ ಬೇಕು.

ಈಗ ಬಣ್ಣದ ವಿಷಯಕ್ಕೆ ಬರೋಣ. ನನಗೆ ಮುಖ್ಯ ಇದೇ.

ಬಿಳಿ ಎಲ್‌ಇಡಿ ಅಂತ ನಾವು ಕರೆಯುವುದರ ಒಳಗೆ ಇರುವುದು ನೀಲಿ ಎಲ್‌ಇಡಿ. ಆ ನೀಲಿ ಎಲ್‌ಇಡಿ ಕಂಡುಹಿಡಿದಿದ್ದಕ್ಕೇ 2014ರಲ್ಲಿ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂದದ್ದು. ನೀಲಿ ಬೆಳಕು ಕೊಡುವ ಆ ಸಣ್ಣ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ, ಬೆಳಕಿನ ಬಣ್ಣ ಬದಲಿಸುವ ಹಳದಿ ಫಾಸ್ಫರ್ ಲೇಪನ ಇರುತ್ತದೆ. ಸ್ವಲ್ಪ ನೀಲಿ ಹಾಗೇ ಹೊರಗೆ ಬರುತ್ತದೆ, ಉಳಿದದ್ದು ಹಳದಿಯಾಗುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ನೀಲಿ. ಅಂಗಡಿಯಲ್ಲಿ ಸಿಗುವ 6000 ಕೆಲ್ವಿನ್‌ನ ಬಲ್ಬಿನಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ನಮ್ಮ ಗಾಡಿಯ ಸೀಟು ಕೆಂಪು ರೆಕ್ಸಿನ್. ಕೆಂಪು ಕಾಣಬೇಕಾದರೆ ಬೆಳಕಿನಲ್ಲಿ ಕೆಂಪು ಇರಬೇಕು. ಇಲ್ಲದಿದ್ದರೆ ಒಣಗಿದ ರಕ್ತದ ಬಣ್ಣ ಬರುತ್ತದೆ. ದಂತದ ಬಣ್ಣದ ಸ್ಟೀರಿಂಗ್ ಬೂದಿಯಾಗುತ್ತದೆ. ಹಳೆಯ ತಂತಿಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಹಾಗಾಗಿ ಡಬ್ಬಿಯ ಮೇಲೆ ‘ವಾರ್ಮ್ ವೈಟ್’, 2700ರಿಂದ 3000 ಅಂತ ಇದ್ದರೆ ಮಾತ್ರ ತಗೊಳ್ಳಿ. ‘ವೈಟ್’ ಅಂತ ಸುಮ್ನೆ ಬರೆದಿದ್ದರೆ ಬೇಡ.

ಇದು ಬರೀ ಅಂದ ಚೆಂದದ ಮಾತಲ್ಲ. ದೇವರಾಯನದುರ್ಗದಿಂದ ಇಳಿದು ನಾಮದ ಚಿಲುಮೆ ಕಡೆ ಬರುವಾಗ ಕತ್ತಲಾದರೆ ಗೊತ್ತಾಗುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ನೀಲಿ ಹಸಿರು ಬೆಳಕೇ ಹೆಚ್ಚು ಚುಚ್ಚುವುದು. ಹಿಂದೆ ಕೂತವರು ಏನೋ ಹುಡುಕಲು ಒಂದು ಸಲ ಆ ನೀಲಿ ಬಿಳಿ ದೀಪ ಹಾಕಿದರೆ ಸಾಕು, ಗಾಜಿನ ಆಚೆ ರಸ್ತೆಯ ಅಂಚು ಕಾಣುವುದಿಲ್ಲ. ಹಳೆ ಗಾಡಿಯ ಹೆಡ್‌ಲೈಟೇ ಮೊದಲು ಮಂದ. ಒಳಗಿನ ಬೆಳಕು ಹಳದಿಯಾಗಿ, ಮೆತ್ತಗೆ ಇರುವುದು ಸುರಕ್ಷತೆಯ ದೃಷ್ಟಿಯಿಂದಲೂ ಒಳ್ಳೆಯದು.

ಎಷ್ಟು ಬೆಳಕು ಬೇಕು? 5 ವ್ಯಾಟಿನ ಹಳೆ ಒಳದೀಪದ ಬಲ್ಬು ಕೊಡುವುದು 45 ಲುಮೆನ್ (ಬೆಳಕಿನ ಪ್ರಮಾಣದ ಅಳತೆ). 10 ವ್ಯಾಟಿನದು 125. ಅದಕ್ಕೆ ಹತ್ತಿರದ್ದು ಸಾಕು. ‘500 ಲುಮೆನ್, ಸೂಪರ್ ಬ್ರೈಟ್’ ಅಂತ ಬರೆದಿರುವುದು ಅಷ್ಟು ಸಣ್ಣ ಜಾಗದಲ್ಲಿ ತಾನೇ ಬಿಸಿಯಾಗಿ ಸಾಯುತ್ತದೆ. ನಮ್ಮೂರಿನ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಗೆಳೆಯರೊಬ್ಬರಿಗೆ ಇಂಥದ್ದನ್ನೇ ಹಾಕಿ ಕಳಿಸಿದ್ದರು. ‘ಎಲ್‌ಇಡಿ ಬಿಸಿ ಆಗಲ್ಲ ಸರ್’ ಅಂದಿದ್ದರಂತೆ. ಬಿಸಿ ಆಗುತ್ತದೆ. ಹಿಂಬದಿಯ ಅಲ್ಯೂಮಿನಿಯಂ ಮುಟ್ಟಿ ನೋಡಿದರೆ ಬೆರಳು ತೆಗೆಯಬೇಕು. ಅವರ ಮುಚ್ಚಳದ ಒಳಗೆ ಕಂದು ಕಲೆ ಬಿದ್ದಿತ್ತು. ಆ ಬಲ್ಬಿನ ಮೇಲೆ ‘ಕ್ಯಾನ್‌ಬಸ್’ ಅಂತಲೂ ಇತ್ತು. ಬಲ್ಬು ಹೋಗಿದೆಯಾ ಅಂತ ಕಂಪ್ಯೂಟರೇ ಪರೀಕ್ಷೆ ಮಾಡುವ ಹೊಸ ಗಾಡಿಗಳಿಗೆ ಮೋಸ ಮಾಡಲು ಅದರೊಳಗೆ ಬೇಕಂತಲೇ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಅದರ ಕೆಲಸವೇ ಕರೆಂಟು ತಿಂದು ಬಿಸಿಯಾಗುವುದು. ಪದ್ಮಿನಿಯಲ್ಲಿ ಯಾವ ಕಂಪ್ಯೂಟರ್ ಇದೆ ಹೇಳಿ.

ಅಳತೆ ವಿಷಯ. ಎರಡೂ ತುದಿಗೆ ಲೋಹದ ಟೋಪಿ ಇರುವ, ಗಾಜಿನ ಫ್ಯೂಸಿನ ಥರದ ಉದ್ದ ಬಲ್ಬು ಗೊತ್ತಲ್ಲ, ಅದಕ್ಕೆ ಫೆಸ್ಟೂನ್ ಅನ್ನುತ್ತಾರೆ. ಇದು 31, 36, 39, 41 ಮಿಲಿಮೀಟರ್ ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ. ಪುಸ್ತಕದಲ್ಲಿ ಏನಿದೆ ಅಂತ ನೋಡಿ ತರಬೇಡಿ. ಇಷ್ಟು ವರ್ಷದಲ್ಲಿ ಎಷ್ಟು ಎಲೆಕ್ಟ್ರಿಷಿಯನ್‌ಗಳು ಆ ಹೋಲ್ಡರ್ ಬದಲಾಯಿಸಿದ್ದಾರೋ, ಕ್ಲಿಪ್ ಬಗ್ಗಿಸಿದ್ದಾರೋ ಯಾರಿಗೆ ಗೊತ್ತು. ಬಲ್ಬು ಬಿಚ್ಚಿ ಅಳೆಯಿರಿ. ಬಿಚ್ಚಿದಾಗ ಹಿತ್ತಾಳೆಯ ಆ ಎರಡು ಕ್ಲಿಪ್ಪನ್ನು ಹತ್ತಿರದಿಂದ ನೋಡಿ. ಬಲ್ಬಿನ ತುದಿ ಕೂರುವ ತೂತಿನ ಸುತ್ತ ಕಪ್ಪಗೆ ಸುಟ್ಟ ಉಂಗುರ ಇರುತ್ತದೆ, ಕೆಲವು ಸಲ ಹಸಿರು ಪಾಚಿಯಂಥ ತುಕ್ಕು. ತಂತಿಯ ಬಲ್ಬು ಅದರ ಮೇಲೂ ಹೇಗೋ ಉರಿಯುತ್ತಿತ್ತು. ಎಲ್‌ಇಡಿ ಅಲ್ಲಿ ಮಿಣುಕುತ್ತದೆ. ಸಣ್ಣ ಎಮೆರಿ ಪೇಪರಿನಿಂದ ಹೊಳೆಯುವ ತನಕ ತಿಕ್ಕಿ, ಕ್ಲಿಪ್ಪನ್ನು ಒಂದು ಚೂರು ಒಳಗೆ ಒತ್ತಿ. ಬಲ್ಬು ಟಕ್ ಅಂತ ಕೂರಬೇಕು. ಎಲ್‌ಇಡಿಗಳಿರುವ ಮುಖ ಮುಚ್ಚಳದ ಕಡೆ ತಿರುಗಿರಲಿ. ಹಿಂದಿನ ಅಲ್ಯೂಮಿನಿಯಂ ದೀಪದ ತಗಡಿಗೆ ಎಲ್ಲೂ ತಾಗಬಾರದು, ತಾಗಿದರೆ ಶಾರ್ಟ್ ಆಗಬಹುದು.

ಡ್ಯಾಶ್‌ಬೋರ್ಡಿನ ಮೀಟರ್ ಬಲ್ಬುಗಳದು ಬೇರೆ ಕಥೆ. ಲೋಹದ ಟೋಪಿಯಿಲ್ಲದೆ ನೇರ ಒತ್ತಿ ಕೂರಿಸುವ ಕ್ಯಾಪ್‌ಲೆಸ್, ತಿರುಗಿಸಿ ಕೂರಿಸುವ 9 ಮಿಲಿಮೀಟರಿನ ಪಿನ್ ಬಲ್ಬು, ಬ್ರಿಟಿಷ್ ಮೀಟರುಗಳಲ್ಲಿ ಸ್ಕ್ರೂ ಬಲ್ಬು, ಮೂರೂ ಸಿಗುತ್ತವೆ. ಹಳೆ ಬಲ್ಬನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಇಲ್ಲಿ ನೋಡಬೇಕಾದದ್ದು ಬೆಳಕಿನ ದಿಕ್ಕು. ತಂತಿಯ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಅದು ಮೀಟರಿನ ಒಳಗೋಡೆಗೆ ಬಡಿದು ಡಯಲ್ ಮೇಲೆ ಹರಡುತ್ತದೆ. ತುದಿಯಲ್ಲಿ ಮಾತ್ರ ಒಂದು ಚಿಪ್ಪಿರುವ ಎಲ್‌ಇಡಿ ಹಾಕಿದರೆ ಡಯಲ್ ಮೇಲೆ ಒಂದು ಕಡೆ ಚುಕ್ಕಿ ಬೆಳಕು, ಉಳಿದ ಕಡೆ ಕತ್ತಲು. ಸುತ್ತಲೂ ಚಿಪ್ಪಿರುವುದನ್ನು ಹುಡುಕಿ. ಎಷ್ಟೋ ಹಳೆ ಮೀಟರುಗಳಲ್ಲಿ ಬಲ್ಬಿನ ಮುಂದೆ ಹಸಿರು ಅಥವಾ ನೀಲಿ ಫಿಲ್ಟರ್ ಇರುತ್ತದೆ. ಹಳದಿ ಬೆಳಕಿಗೆ ಅಂತ ಮಾಡಿದ ಫಿಲ್ಟರ್ ಅದು. ಅದರ ಹಿಂದೆ 6000 ಕೆಲ್ವಿನ್ ಇಟ್ಟರೆ ಮೂಲ ಬಣ್ಣ ಬರುವುದೇ ಇಲ್ಲ. ಎಚ್‌ಎಂಟಿ ಗಡಿಯಾರ ಮಾಡಿದ ಊರು ನಮ್ಮದು. ಒಂದು ಡಯಲ್ ಹೇಗೆ ಕಾಣಬೇಕು ಅಂತ ತಲೆ ಕೆಡಿಸಿಕೊಂಡವರು ಇಲ್ಲಿ ಮನೆ ಮನೆಯಲ್ಲಿ ಇದ್ದರು. ನಮಗೆ ಇದು ಸಣ್ಣ ವಿಷಯ ಅನ್ನಿಸಬಾರದು.

ಮೀಟರ್ ಲೈಟಿಗೆ ಮಂದ ಮಾಡುವ ತಿರುಗಣೆ ಇದ್ದರೆ, ಎಲ್‌ಇಡಿ ಹಾಕಿದ ಮೇಲೆ ಅದು ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಆ ತಂತಿ ಸುತ್ತಿದ ರೆಸಿಸ್ಟರ್ ದೊಡ್ಡ ಕರೆಂಟಿಗೆ ಮಾಡಿದ್ದು. ಅದಕ್ಕೇ ಮೊದಲೇ ಕಡಿಮೆ ಬೆಳಕಿನದು ಆರಿಸಿ.

ಇನ್ನು ಧ್ರುವದ ಗೊಂದಲ. ತಂತಿಯ ಬಲ್ಬಿಗೆ ಪ್ಲಸ್ಸು ಮೈನಸ್ಸು ಇಲ್ಲ. ಎಲ್‌ಇಡಿಗೆ ಇದೆ. ಮಾರಿಸ್ ಮೈನರ್‌ನಂಥ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಗಾಡಿಯ ಲೋಹದ ಮೈಗೆ ಅರ್ತ್ ಆಗಿರುತ್ತದೆ. ಅಲ್ಲಿ ಸಾಮಾನ್ಯ ಪಿನ್ ಎಲ್‌ಇಡಿ ಹಾಕಿದರೆ ಉರಿಯುವುದಿಲ್ಲ, ‘ಪೀಸ್ ಹೋಗಿದೆ’ ಅಂತ ಎಸೆಯುತ್ತೇವೆ. ‘ನಾನ್ ಪೋಲಾರಿಟಿ’ ಅಂತ ಇರುವುದನ್ನೇ ಕೇಳಿ. ಎರಡು ಕಡೆಯಿಂದಲೂ ಉರಿಯುತ್ತದೆ. ಹಳೆ ವಿಲ್ಲೀಸ್ ಜೀಪು ಇರುವವರು ಇನ್ನೊಂದು ನೋಡಬೇಕು, ಅದು 6 ವೋಲ್ಟಿನ ಗಾಡಿ. 12 ವೋಲ್ಟಿನ ಎಲ್‌ಇಡಿ ಅಲ್ಲಿ ಮೊದಲೇ ಉರಿಯದು. ಹಾಗೇ, 12 ವೋಲ್ಟ್ ಅಂದರೂ ಗಾಡಿ ಓಡುವಾಗ 14 ದಾಟುತ್ತದೆ. ಡಬ್ಬಿಯಲ್ಲಿ 10ರಿಂದ 16 ವೋಲ್ಟ್ ಅಂತಲೋ, 10ರಿಂದ 30 ಅಂತಲೋ ಇದ್ದರೆ ಒಳಗೆ ಕರೆಂಟು ಹಿಡಿದಿಡುವ ಸರ್ಕ್ಯೂಟ್ ಇರುವ ಸಾಧ್ಯತೆ ಜಾಸ್ತಿ.

ಈಗ ಬದಲಾಯಿಸಬಾರದ ಆ ಒಂದು ಬಲ್ಬು. ಕೆಂಪು ಚಾರ್ಜಿಂಗ್ ಲೈಟು. ಇಗ್ನಿಷನ್ ಹಾಕಿದಾಗ ಹತ್ತಿ, ಎಂಜಿನ್ ಶುರುವಾದ ಮೇಲೆ ಆರುವ ದೀಪ. ಎಷ್ಟೋ ಹಳೆ ಗಾಡಿಗಳಿಗೆ ಆಮೇಲೆ ಡೈನಮೋ ಬದಲು ಆಲ್ಟರ್ನೇಟರ್ ಕೂರಿಸಿದ್ದಾರೆ, ನಮ್ಮದಕ್ಕೂ ಕೂರಿಸಿದೆ. ಆಲ್ಟರ್ನೇಟರ್ ಎಚ್ಚರಗೊಳ್ಳಬೇಕಾದರೆ ಮೊದಲು ಬ್ಯಾಟರಿಯಿಂದ ಸ್ವಲ್ಪ ಕರೆಂಟು ಅದರ ಸುರುಳಿಗೆ ಹೋಗಬೇಕು. ಆ ಕರೆಂಟು ಹೋಗುವ ದಾರಿಯೇ ಈ ಬಲ್ಬು. 3 ವ್ಯಾಟಿನ ಬಲ್ಬಿನಲ್ಲಿ ಕಾಲು ಆಂಪಿಯರ್ ಹರಿಯುತ್ತದೆ. ಎಲ್‌ಇಡಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಹರಿಯದೆ ಇರಬಹುದು. ಆಗ ಎಂಜಿನ್ ಓಡುತ್ತದೆ, ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತಿರುತ್ತದೆ, ಚಾರ್ಜ್ ಆಗುವುದಿಲ್ಲ. ಗ್ಯಾರೇಜಿಗೆ ಹೋದರೆ ಡಯೋಡ್ ಹೋಗಿದೆ, ರೆಗ್ಯುಲೇಟರ್ ಹೋಗಿದೆ ಅಂತ ಬಿಚ್ಚಲು ಶುರು ಮಾಡುತ್ತಾರೆ. ಎಲ್‌ಇಡಿಯೇ ಬೇಕು ಅನ್ನುವವರು ಅದರ ಜೊತೆಗೆ ಸಮಾನಾಂತರವಾಗಿ ಸರಿಯಾದ ರೆಸಿಸ್ಟರ್ ಹಾಕಿಸಬೇಕು. ನನ್ನ ಪ್ರಕಾರ ಅಷ್ಟು ಒದ್ದಾಟ ಯಾಕೆ, ಹಳೆ ಬಲ್ಬೇ ಇರಲಿ. ಓಡುವಾಗ ಅದು ಆರಿಯೇ ಇರುತ್ತದೆ, ಎಲ್‌ಇಡಿ ಹಾಕಿದರೂ ಉಳಿತಾಯ ಏನೂ ಇಲ್ಲ.

ಇಂಡಿಕೇಟರಿನ ಬಾಣದ ದೀಪದಲ್ಲೂ ಇಂಥದ್ದೇ ಒಂದು ಗುಟ್ಟು. ಎಡ ಬಲ ಎರಡಕ್ಕೂ ಒಂದೇ ದೀಪ ಇರುವ ಕೆಲವು ಗಾಡಿಗಳಲ್ಲಿ ಅದನ್ನು ಎಡದ ವೈರಿಗೂ ಬಲದ ವೈರಿಗೂ ನಡುವೆ ಕಟ್ಟಿರುತ್ತಾರೆ. ಎಡಕ್ಕೆ ಹಾಕಿದಾಗ ಕರೆಂಟು ಒಂದು ದಿಕ್ಕಿಗೆ, ಬಲಕ್ಕೆ ಹಾಕಿದಾಗ ಇನ್ನೊಂದು ದಿಕ್ಕಿಗೆ. ಸಾಮಾನ್ಯ ಎಲ್‌ಇಡಿ ಒಂದೇ ಕಡೆಗೆ ಉರಿದು ಇನ್ನೊಂದು ಕಡೆಗೆ ಸತ್ತಂತಿರುತ್ತದೆ. ಇಲ್ಲೂ ನಾನ್ ಪೋಲಾರಿಟಿಯೇ ಬೇಕು. ಹೊರಗಿನ 21 ವ್ಯಾಟಿನ ಇಂಡಿಕೇಟರ್ ಬಲ್ಬುಗಳನ್ನು ಮಾತ್ರ ಮುಟ್ಟಬೇಡಿ. ಇಂಡಿಕೇಟರ್ ಮಿಣುಕಿಸುವ ಹಳೆ ಫ್ಲ್ಯಾಶರ್ ಟಿಕ್ ಟಿಕ್ ಅನ್ನುವುದು ಆ ಬಲ್ಬುಗಳು ಎಳೆಯುವ ಕರೆಂಟಿನ ಬಿಸಿಯಿಂದ, ಎಲ್‌ಇಡಿ ಅಷ್ಟು ಕರೆಂಟು ಎಳೆಯುವುದಿಲ್ಲ.

ವಿಂಟೇಜ್ ನೋಂದಣಿಗೆ ಇದರಿಂದ ತೊಂದರೆ ಆಗುತ್ತಾ ಅಂತ ಒಬ್ಬರು ಕೇಳಿದ್ದರು. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ‘ವಿಎ’ ಸೀರೀಸ್‌ನ ನಂಬರ್ ಕೊಡುತ್ತಾರೆ. ಅವರು ಹೆಸರಿಸಿ ಬೇಡ ಅಂದಿರುವುದು ಚಾಸಿ, ಬಾಡಿ, ಎಂಜಿನ್ನಿನ ದೊಡ್ಡ ಬದಲಾವಣೆ. ಬಲ್ಬಿನ ಮಾತು ಅಲ್ಲಿಲ್ಲ. ಆದರೂ ವೈರ್ ಕತ್ತರಿಸಿ, ಹೋಲ್ಡರ್ ಕಿತ್ತು ಹೊಸ ಸ್ಟ್ರಿಪ್ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಹಳೆ ಹೋಲ್ಡರಿನಲ್ಲೇ ಕೂರುವ ಎಲ್‌ಇಡಿ ಹಾಕಿದರೆ ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು. ನಮ್ಮದಕ್ಕೆ 2028ಕ್ಕೆ 50 ತುಂಬುತ್ತದೆ. ಬಿಚ್ಚಿದ ಹಳೆ ಬಲ್ಬುಗಳನ್ನೆಲ್ಲ ಹತ್ತಿಯಲ್ಲಿ ಸುತ್ತಿ, ಯಾವುದು ಎಲ್ಲಿಯದು ಅಂತ ಚೀಟಿ ಬರೆದು ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ. ಯಾರಿಗಾದರೂ ತಮ್ಮ ಗಾಡಿಯ ಬಲ್ಬು ಯಾವ ಜಾತಿ ಅಂತ ಗೊತ್ತಾಗದಿದ್ದರೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ಕಳಿಸಿ, ಭಾನುವಾರ ಬಿಡುವಾಗಿದ್ದರೆ ಗಾಡಿ ತಗೊಂಡೇ ಬನ್ನಿ. ಮಲ್ಟಿಮೀಟರು, ಎಮೆರಿ ಪೇಪರು ನನ್ನ ಹತ್ತಿರ ಇದೆ.