ಕಾಯುವುದೇ ಕಾಯಕ

ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ನನ್ನ ವಾರದ ಅತಿ ಕಷ್ಟದ ಕೆಲಸ ಶುರುವಾಗುತ್ತದೆ. ಟೈಮ್‌ಶೀಟ್ ತುಂಬುವುದು. ನಾನು ಐಟಿ ಕಚೇರಿಯೊಂದರಲ್ಲಿ ಗುತ್ತಿಗೆ ನೌಕರ; ಬರೆದ ಗಂಟೆಗೆ ತಕ್ಕ ಹಾಗೆ ನನ್ನ ಹೆಸರಿನಲ್ಲಿ ಬಿಲ್ ಆಗುತ್ತದೆ. ಐದು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 40. ಯಾವ ಗಂಟೆಯಲ್ಲಿ ಏನು ಮಾಡಿದೆ ಅಂತ ಒಂದೊಂದರ ಮುಂದೆಯೂ ಬರೆಯಬೇಕು. ಕೆಲಸ ಮಾಡಿದವನು ಐದು ನಿಮಿಷದಲ್ಲಿ ಬರೆದು ಎದ್ದು ಹೋಗುತ್ತಾನೆ. ಏನೂ ಮಾಡದವನು ಕಾದಂಬರಿಕಾರ ಆಗಬೇಕಾಗುತ್ತದೆ. ನಾನು ಈವರೆಗೆ ಅರವತ್ತು ವಾರದ ಟೈಮ್‌ಶೀಟ್ ಬರೆದಿದ್ದೇನೆ. 'ಫೈಲ್ ಪರಿಶೀಲನೆ' ಅಂತ ಒಂದು ವಾರ. 'ಫೈಲ್ ಪರಿಶೀಲನೆಯ ಮರುಪರಿಶೀಲನೆ' ಅಂತ ಮತ್ತೊಂದು ವಾರ. 'ಇತರ ತಂಡಗಳ ಜೊತೆ ಸಮನ್ವಯ' ಅಂದರೆ ಮೂರನೇ ಮಹಡಿಯ ಗೆಳೆಯನ ಜೊತೆ ಕಾಫಿ ಕುಡಿದೆ ಅಂತ ಅರ್ಥ.

ಶುರುವಿನಲ್ಲಿ ಒಂದು ವಾರ ನಾನು ಸತ್ಯ ಬರೆದಿದ್ದೆ. ಆರು ಗಂಟೆ ಕೆಲಸ, 34 ಗಂಟೆ ಖಾಲಿ. ಸೋಮವಾರ ಬೆಳಿಗ್ಗೆ ನನಗೆ ಸಂಬಳ ಕೊಡುವ ಕಂಪನಿಯಿಂದ ಫೋನ್ ಬಂತು. "ಏನ್ ಸಾರ್, ಬಿಲ್ಲಿಂಗ್ ಹಾಳು ಮಾಡ್ತಿದೀರಲ್ಲಾ?" ಅದು ಇಟ್ಟ ಮೇಲೆ ಅದರ ಮೇಲಿನ ಕಂಪನಿಯಿಂದ ಫೋನ್ ಬಂತು. ಅವರೂ ಅದನ್ನೇ ಕೇಳಿದರು, ಆದರೆ ಇಂಗ್ಲಿಷಿನಲ್ಲಿ. ಮಧ್ಯಾಹ್ನ ನಾನು ಕೂರುವ ಕಚೇರಿಯ ಮ್ಯಾನೇಜರ್ ಕರೆದು ಬಾಗಿಲು ಹಾಕಿಕೊಂಡರು. "ನೋಡಿ, ಮಾರ್ಚ್ 31ರೊಳಗೆ ನಾನು ಬಜೆಟ್ ಖರ್ಚು ಮಾಡ್ಲೇಬೇಕು. ಉಳಿದ್ರೆ ಮುಂದಿನ ವರ್ಷ ಅಷ್ಟನ್ನ ಕತ್ತರಿಸ್ತಾರೆ. ನೀವು 40 ಹಾಕಿ. ಸುಮ್ನೆ ಹಾಕಿ." ನಲವತ್ತು ಹಾಕಿದೆ. ಮೂರು ಕಂಪನಿಗೂ ನೆಮ್ಮದಿ ಆಯಿತು.

ಮೂರು ಕಂಪನಿ ಯಾಕೆ ಅಂತ ನಮ್ಮ ಅಪ್ಪಯ್ಯನೂ ಕೇಳಿದ್ದರು. ಕೂರುವುದು ಒಂದು ಕಂಪನಿಯಲ್ಲಿ. ಆ ಕಂಪನಿ ಜನ ಬೇಕು ಅಂತ ಹೇಳಿದ್ದು ಇನ್ನೊಂದಕ್ಕೆ. ಆ ಇನ್ನೊಂದರ ಹತ್ತಿರ ಜನ ಇಲ್ಲದೆ ಮತ್ತೊಂದಕ್ಕೆ ಹೇಳಿತು. ಆ ಮತ್ತೊಂದು ನನ್ನನ್ನು ಹುಡುಕಿತು. ದುಡ್ಡು ಮೇಲಿನಿಂದ ಇಳಿಯುತ್ತಾ ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ಸೋರುತ್ತದೆ. ಪ್ರತಿ ಬಿಲ್ಲಿಗೂ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ನಾನು ಕಿಟಕಿಯಾಚೆ ಕಾಗೆ ನೋಡುತ್ತಾ ಕೂತ ಗಂಟೆಗೂ ಸರ್ಕಾರಕ್ಕೆ ತೆರಿಗೆ ಹೋಗುತ್ತದೆ. ಕಾಗೆ ನೋಡಿ ದೇಶ ಕಟ್ಟುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ?

ಅಪ್ಪಯ್ಯ ಸಾಗರದ ಕಡೆಯ ಅಡಿಕೆ ಬೆಳೆಗಾರರು. ಎಲ್ಲಾ ಕೇಳಿಕೊಂಡು, ಎಲೆಗೆ ಸುಣ್ಣ ಸವರುತ್ತಾ, "ಹಂಗಾರೆ ನಿನ್ನನ್ನ ಚೇಣಿಗೆ ಕೊಟ್ಟಿದಾರೆ ಅನ್ನು" ಅಂದರು. ಮರದ ಮೇಲಿನ ಫಸಲನ್ನು ಹಾಗೇ ವ್ಯಾಪಾರಿಗೆ ವಹಿಸಿಬಿಡುವುದು ನಮ್ಮಲ್ಲಿ ಚೇಣಿ. ಆಮೇಲೆ ಅವರಿಗೇ ಅನುಮಾನ ಬಂತು. "ಅಲ್ಲ ಮಾರಾಯ, ಚೇಣಿಯವ ಅಡಿಕೆ ಇದ್ದರೆ ತಾನೇ ತಗೊಳ್ಳೋದು? ನಿಂದರಲ್ಲಿ ಎಂತ ಇದೆ ಅಂತ ತಗೊಂಡ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಅಡಿಕೆ ಗೊನೆ ಕೊಯ್ಯಲು ನಮ್ಮ ತೋಟಕ್ಕೆ ಬರುವ ಕೊನೆಗೌಡನದೂ ಗುತ್ತಿಗೆಯೇ. ಕೊಯ್ದ ಕೊನೆಗೆ ಇಷ್ಟು ಅಂತ ಲೆಕ್ಕ. ಮರದ ಬುಡದಲ್ಲಿ ಕೂತು ಮರ ನೋಡಿದರೆ ಕಾಸಿಲ್ಲ. ಬೆಂಗಳೂರಿಗೆ ಬಂದ ಮೇಲೆ ಗುತ್ತಿಗೆ ಎಂಬ ಪದ ಅದು ಹೇಗೋ ತಲೆಕೆಳಗಾಯಿತು. ಇಲ್ಲಿ ಮರ ಹತ್ತಿದರೆ ಎಲ್ಲರಿಗೂ ಗಾಬರಿ. ಬುಡದಲ್ಲಿ ಕೂತಿದ್ದರೆ ಒಂದನೇ ತಾರೀಖು ಸಂಬಳ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಹೇಳಿದ್ದು, ಕುಡಿಕೆ ತುಂಬಿಸುವವರೇ 'ನೀನು ಕೂತಿರು' ಅನ್ನುವ ಕಾಲ ಬರುತ್ತದೆ ಅಂತ ಗೊತ್ತಿಲ್ಲದೆ.

ಮರ ಹತ್ತಲು ನಾನು ನೋಡಲಿಲ್ಲ ಅಂತಲ್ಲ. ಮೊದಲ ಹನ್ನೊಂದು ದಿನ ಲ್ಯಾಪ್‌ಟಾಪ್ ಬರಲಿಲ್ಲ. ಬಿಲ್ ಮಾತ್ರ ಮೊದಲ ದಿನದಿಂದಲೇ ಶುರು. ಲ್ಯಾಪ್‌ಟಾಪ್ ಬಂದ ಮೇಲೆ ಆಕ್ಸೆಸ್, ಅಂದರೆ ಕಂಪನಿಯ ಸಿಸ್ಟಮ್ಮಿನ ಒಳಗೆ ಹೋಗುವ ಅನುಮತಿ, ಇಲ್ಲ. ಆಕ್ಸೆಸ್ ಕೊಡಬೇಕಾದ ಮನುಷ್ಯ ಕೆಲಸ ಬಿಟ್ಟು ಹೋಗಿದ್ದ. ಅವನ ಜಾಗಕ್ಕೆ ಬಂದವನಿಗೂ ಆಕ್ಸೆಸ್ ಇರಲಿಲ್ಲ. ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಊಟ ಮಾಡುತ್ತಾ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಿದ್ದೆವು.

ಕೊನೆಗೂ ಕೆಲಸ ಅಂತ ಒಂದು ಸಿಕ್ಕಿತು. ದಿನಾ ಬೆಳಿಗ್ಗೆ ಇನ್ನೊಂದು ಊರಿನ ಸರ್ವರ್‌ನಿಂದ ಒಂದು ಫೈಲ್ ಬರುತ್ತದೆ. ಬಂದಿದೆಯಾ ನೋಡಬೇಕು. ಬಂದಿದ್ದರೆ 'ಬಂದಿದೆ' ಅಂತ ಹನ್ನೆರಡು ಜನಕ್ಕೆ ಮೇಲ್ ಹಾಕಬೇಕು. ಬಾರದಿದ್ದರೆ 'ಬಂದಿಲ್ಲ' ಅಂತ ಹಾಕಬೇಕು. ಹನ್ನೆರಡು ಜನರಲ್ಲಿ ಯಾರೂ ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ. ಒಮ್ಮೆ ಪರೀಕ್ಷೆಗೆಂದು 'ಬಂದಿದೆಯೋ ಇಲ್ಲವೋ ತಿಳಿಯದು' ಅಂತ ಹಾಕಿದೆ. ಒಬ್ಬರು ಮೆಚ್ಚುಗೆಯ ಹೆಬ್ಬೆರಳು ಒತ್ತಿದರು.

ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಅಂತಾರಲ್ಲ, ಹಾಗೆ ನಾನೂ ಕೆತ್ತಲು ಕೂತೆ. ಆ ಫೈಲ್ ನೋಡುವ, ಮೇಲ್ ಹಾಕುವ ಎರಡೂ ಕೆಲಸವನ್ನು ತಾನೇ ಮಾಡುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಖುಷಿಯಲ್ಲಿ ಮ್ಯಾನೇಜರಿಗೆ ತೋರಿಸಿದೆ. ಅವರ ಮುಖ ಸಾವಿನ ಸುದ್ದಿ ಕೇಳಿದ ಹಾಗೆ ಆಯಿತು. "ಇದನ್ನ ಇನ್ನೂ ಯಾರಿಗಾದ್ರೂ ತೋರಿಸಿದ್ರಾ?" ಇಲ್ಲ ಸಾರ್ ಅಂದೆ. ಅವರು ನೀರು ಕುಡಿದರು.

ಈ ನಡುವೆ ಹೊರಗಿನ ಲೋಕದಲ್ಲಿ ಏನು ನಡೆಯುತ್ತಿತ್ತು ಅಂತೀರಾ? 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ನಮ್ಮ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು. ಭಾನುವಾರ ಮನೆಯಲ್ಲಿ ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಅಂತಲೂ ಕೇಳಿದರು. ಅದೇ ವರ್ಷ ನಮ್ಮ ರಾಜ್ಯದಲ್ಲೇ ಐಟಿಯವರ ದಿನವನ್ನು ಓವರ್‌ಟೈಮ್ ಸೇರಿ 12 ಗಂಟೆಗೆ ಎಳೆಯುವ ಪ್ರಸ್ತಾಪ ಬಂತು. ಗೆಳೆಯರೆಲ್ಲ ಸಿಟ್ಟಿನಿಂದ ವಾಟ್ಸಾಪಿನಲ್ಲಿ ಕೂಗಾಡುತ್ತಿದ್ದರು. ನನಗೆ ಬೇರೆಯದೇ ಚಿಂತೆ. ವಾರಕ್ಕೆ 34 ಗಂಟೆ ಕಥೆ ಕಟ್ಟುವುದಕ್ಕೇ ನನಗೆ ಪದ ಸಾಲುತ್ತಿಲ್ಲ. 90 ಆದರೆ 84 ಗಂಟೆಗೆ ಏನು ಬರೆಯಲಿ? ಹೆಂಡತಿಯ ಮುಖ ನೋಡಬೇಡಿ ಅಂದವರು ಲ್ಯಾಪ್‌ಟಾಪಿನ ಮುಖವನ್ನು ಎಷ್ಟು ಹೊತ್ತು ನೋಡಬಹುದು ಅಂತ ಹೇಳಲೇ ಇಲ್ಲ.

ಖಾಲಿ ಕೂರುವುದಾದರೆ ಮನೆಯಲ್ಲೇ ಕೂರಬಹುದಲ್ಲ ಅಂತೀರಿ. ಇಲ್ಲ. ವಾರಕ್ಕೆ ಮೂರು ದಿನ ಕಚೇರಿಗೆ ಬಂದು ಕಾರ್ಡ್ ಉಜ್ಜಲೇಬೇಕು. ಸಿಲ್ಕ್ ಬೋರ್ಡ್ ದಾಟಿ, ಬೆಳ್ಳಂದೂರಿನಲ್ಲಿ ನಿಂತು, ಕಾಡುಬೀಸನಹಳ್ಳಿಯಲ್ಲಿ ಮತ್ತೆ ನಿಂತು, ಹೋಗಿ ಬರುವುದಕ್ಕೆ ಮೂರೂವರೆ ಗಂಟೆ. ನಿಜ ಹೇಳಬೇಕೆಂದರೆ ನಾನು ದಿನದಲ್ಲಿ ಬೆವರು ಸುರಿಸಿ ದುಡಿಯುವುದು ಆ ಮೂರೂವರೆ ಗಂಟೆಯಲ್ಲೇ. ಅದನ್ನು ಟೈಮ್‌ಶೀಟಿನಲ್ಲಿ ಹಾಕುವ ಹಾಗಿಲ್ಲ.

ಸರ್ಕಾರಿ ನೌಕರಿಯ ವೈಭವವೇ ಬೇರೆ ಬಿಡಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ಇಂಜಿನಿಯರೊಬ್ಬರು 1990ರಲ್ಲಿ ರಜೆ ಹಾಕಿ ಹೋದವರು ತಿರುಗಿ ಬರಲೇ ಇಲ್ಲ. ಅವರನ್ನು ಕೆಲಸದಿಂದ ತೆಗೆದದ್ದು 2015ರ ಜನವರಿಯಲ್ಲಿ. ಇಪ್ಪತ್ತನಾಲ್ಕು ವರ್ಷ! ನನ್ನನ್ನು ಹಿಡಿಯಲು ಐದು ನಿಮಿಷ ಸಾಕು. ಕಚೇರಿಯವರು ಮಾತಾಡಿಕೊಳ್ಳುವ ಟೀಮ್ಸ್ ಎಂಬ ಆ್ಯಪಿನಲ್ಲಿ ನಮ್ಮ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇರುತ್ತದೆ. ಐದು ನಿಮಿಷ ಕೀಬೋರ್ಡ್, ಮೌಸ್ ಅಲ್ಲಾಡದಿದ್ದರೆ ಅದು ಹಳದಿ ಆಗುತ್ತದೆ. ಹಳದಿ ಅಂದರೆ ಮನುಷ್ಯ ಇಲ್ಲ. ಹಸಿರು ಅಂದರೆ ಮನುಷ್ಯ ದೇಶಕ್ಕಾಗಿ ಬೇಯುತ್ತಿದ್ದಾನೆ. ಫೈಲ್ ನೋಡಲು ಯಾರೂ ಇಲ್ಲದ ಕಡೆಯೂ ಚುಕ್ಕೆ ನೋಡಲು ಒಬ್ಬರು ಇದ್ದೇ ಇರುತ್ತಾರೆ.

ಮೌಸನ್ನು ತಾನಾಗಿ ಅಲ್ಲಾಡಿಸುವ ಯಂತ್ರ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಧೈರ್ಯ ಬರಲಿಲ್ಲ. 2024ರಲ್ಲಿ ಅಮೆರಿಕದ ಬ್ಯಾಂಕೊಂದು, ಕೀಬೋರ್ಡ್ ಒತ್ತಿದ ಹಾಗೆ ನಟಿಸಿದರು ಅಂತ ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದ್ದನ್ನು ಓದಿದ್ದೆ. ಆಗ ನೆನಪಾದದ್ದು ಅಜ್ಜನ ಎಚ್‌ಎಂಟಿ ಜನತಾ ವಾಚು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೌಸಿನ ಹೊಟ್ಟೆಯಲ್ಲಿ ಒಂದು ಬೆಳಕು ಇರುತ್ತದೆ. ಕೆಳಗಿನ ನೆಲ ಸರಿದರೆ ಅದು ತಾನೇ ಸರಿದೆ ಅಂದುಕೊಳ್ಳುತ್ತದೆ. ವಾಚನ್ನು ಅಂಗಾತ ಇಟ್ಟು ಅದರ ಮೇಲೆ ಮೌಸ್ ಕೂರಿಸಿದರೆ, ಸೆಕೆಂಡ್ ಮುಳ್ಳು ಬೆಳಕಿನ ಕೆಳಗೆ ಹಾದಾಗಲೆಲ್ಲ ಪರದೆಯ ಮೇಲೆ ಬಾಣದ ಗುರುತು ಒಂದಿಷ್ಟು ಬೆಚ್ಚಿ ಬೀಳುತ್ತದೆ. ನಿಮಿಷಕ್ಕೊಮ್ಮೆ ತಪ್ಪದೆ. ಬೆಳಿಗ್ಗೆ ಕೂತ ಕೂಡಲೇ ವಾಚಿಗೆ ಕೀಲಿ ಕೊಡುತ್ತೇನೆ. ಇಪ್ಪತ್ತು ಸುತ್ತು. ಕರ್ಚೀಫಿನ ಮೇಲೆ ಇಡುತ್ತೇನೆ. ಮೌಸ್ ಹೊದಿಸುತ್ತೇನೆ. ಸಂಜೆಯವರೆಗೆ ನನ್ನ ಚುಕ್ಕೆ ಗರಿಕೆಯಷ್ಟು ಹಸಿರು.

ಎಚ್‌ಎಂಟಿ ಇದೇ ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡಲು ಶುರು ಮಾಡಿತು. ಮದುಮಗನ ಕೈಗೆ ಎಚ್‌ಎಂಟಿ ಕಟ್ಟದೆ ಎಷ್ಟೋ ಮದುವೆಗಳಿಗೆ ಕಳೆ ಬರುತ್ತಿರಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಆ ವಾಚ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಹೋಯಿತು, ವಾಚು ಉಳಿಯಿತು. ಈಗ ಅದು ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ದಿನಕ್ಕೆ ಎಂಟು ಗಂಟೆ ಐಟಿ ಕೆಲಸ ಮಾಡುತ್ತಿದೆ. ನಮ್ಮಿಬ್ಬರಲ್ಲಿ ಬಿಲ್ಲಬಲ್, ಅಂದರೆ ಬಿಲ್ ಹಾಕಲು ಯೋಗ್ಯ, ಯಾರು ಅಂತ ಕೇಳಿದರೆ ನಾನು ವಾಚಿನ ಕಡೆಯೇ ಕೈ ತೋರಿಸಬೇಕು.

ಈ ವ್ಯವಸ್ಥೆ ಏಳು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ನಾನು ಊಟಕ್ಕೆ ಹೋಗಿದ್ದಾಗ ಹೌಸ್‌ಕೀಪಿಂಗಿನ ಅಕ್ಕ ಟೇಬಲ್ ಒರೆಸಲು ಬಂದಿದ್ದಾರೆ. ಮೌಸ್ ಎತ್ತಿದ್ದಾರೆ. ಕೆಳಗೆ ವಾಚು. ಪಾಪ, ಬಿದ್ದುಹೋಗಿದೆ ಅಂದುಕೊಂಡು ಅದನ್ನು ಒರೆಸಿ, ನೀರಿನ ಬಾಟಲಿಯ ಪಕ್ಕ ನೀಟಾಗಿ ಇಟ್ಟು ಹೋಗಿದ್ದಾರೆ. ನಾನು ಮಜ್ಜಿಗೆ ಕುಡಿಯುತ್ತಿದ್ದಾಗ ಮ್ಯಾನೇಜರ್ ಫೋನ್. "ಎಲ್ಲಿದೀರಾ? ಹಳದಿ ಆಗಿದೀರಾ." ಕಾಮಾಲೆ ಬಂದವನ ಹಾಗೆ ಓಡಿದೆ.

ಅಕ್ಕ ಇನ್ನೂ ಅಲ್ಲೇ ಪಕ್ಕದ ಸಾಲು ಒರೆಸುತ್ತಿದ್ದರು. ಅವರ ಕೊರಳಲ್ಲೂ ನನ್ನ ಹಾಗೇ ಕಿತ್ತಳೆ ದಾರ. ಕಾಯಂ ನೌಕರರದು ನೀಲಿ, ಗುತ್ತಿಗೆಯವರದು ಕಿತ್ತಳೆ. "ಸಾರ್, ವಾಚು ಮೌಸ್ ಕೆಳ್ಗೆ ಬಿದ್ದೋಗಿತ್ತು, ತೆಗ್ದಿಟ್ಟಿದೀನಿ, ನೋಡ್ಕೊಳಿ." ಬಿದ್ದದ್ದಲ್ಲ ಅಕ್ಕಾ, ನಾನೇ ಇಟ್ಟಿದ್ದು ಅಂದೆ. ಯಾಕೆ ಅಂದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ನಮ್ಗೂ ಹಂಗೊಂದು ಐತಾ ಸಾರ್? ಮಾಪ್ ಕೆಳ್ಗೆ ಇಡೋ ಅಂಥದ್ದು?" ಎರಡು ಮಹಡಿಗೆ ನಾಲ್ಕು ಜನ ಇದ್ದರಂತೆ. ಖರ್ಚು ಉಳಿಸಲು ಅಂತ ಎರಡು ಮಾಡಿದ್ದಾರೆ. ಎದ್ದು ಮುಂದಿನ ಟೇಬಲ್ಲಿಗೆ ಹೋದರು.

ಖರ್ಚು ಉಳಿಸುವ ಆ ಗಾಳಿ ನನ್ನ ಕಡೆಗೂ ಬೀಸಬಹುದು ಅಂತ ಎರಡು ವಾರ ನಿದ್ದೆ ಬರಲಿಲ್ಲ. ಗುತ್ತಿಗೆ ಮುಗಿಯುವ ತಿಂಗಳು ಬೇರೆ. ಮ್ಯಾನೇಜರ್ ಕರೆದರು. ಬಾಗಿಲು ಹಾಕಿಕೊಂಡರು. "ನಿಮ್ಮ ಟೈಮ್‌ಶೀಟ್ ಎಲ್ಲಾ ಮೇಲಿನವ್ರು ನೋಡಿದ್ರು" ಅಂದರು. ನನ್ನ ಎದೆ ಧಸಕ್ಕೆಂದಿತು. "ಒಂದು ವರ್ಷದಿಂದ ಒಂದು ಗಂಟೆಯೂ ಖಾಲಿ ಇಲ್ಲ. ಇಷ್ಟೊಂದು ಲೋಡ್ ಒಬ್ರ ಮೇಲೆ ಹಾಕೋದು ಸರಿಯಲ್ಲ ಅಂದ್ರು. ಇನ್ನೊಬ್ರನ್ನ ಕೊಡ್ತಿದಾರೆ."

ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಮೇಷ್ಟ್ರು 1955ರಲ್ಲೇ ಬ್ರಿಟನ್ನಿನ ನೌಕಾಪಡೆಯ ಒಂದು ಲೆಕ್ಕ ಕೊಟ್ಟಿದ್ದರು. 1914ರಲ್ಲಿ ದೊಡ್ಡ ಯುದ್ಧನೌಕೆಗಳು 62. 1928ಕ್ಕೆ ಉಳಿದದ್ದು 20. ಅದೇ ಹೊತ್ತಿನಲ್ಲಿ ಅದರ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದರು. ನಮ್ಮಲ್ಲಿ ಇರುವ ನೌಕೆಯೇ ಒಂದು. ಅದೂ ದಿನಾ ಬೆಳಿಗ್ಗೆ ಬರುವ ಆ ಫೈಲು.

ಹೊಸ ಹುಡುಗ ಸೋಮವಾರ ಬಂದ. ದಾವಣಗೆರೆಯವನು, ಚುರುಕು. ಅವನಿಗೆ ಆರು ವಾರ ಕೆ.ಟಿ. ಕೊಡಬೇಕು, ಅಂದರೆ ನನ್ನ ಕೆಲಸ ಅವನಿಗೆ ಕಲಿಸಬೇಕು. ಹನ್ನೊಂದು ಗಂಟೆಗೆ ಶುರು ಮಾಡಿದ್ದು ಹನ್ನೊಂದು ಹತ್ತಕ್ಕೆ ಮುಗಿಯಿತು. ಉಳಿದ ಆರು ವಾರಕ್ಕೆ ನಾನು ನೂರು ಪುಟದ ಸ್ಲೈಡ್ ಮಾಡುತ್ತಿದ್ದೇನೆ. ಎಷ್ಟೋ ದಿನದ ಮೇಲೆ ಕೈತುಂಬಾ ಕೆಲಸ.

ಮಧ್ಯಾಹ್ನ ಅವನು ಮೆಲ್ಲಗೆ ಕುರ್ಚಿ ಎಳೆದುಕೊಂಡು ಬಂದ. "ಅಣ್ಣಾ, ನಿಮ್ದು ಮಾತ್ರ ಯಾವಾಗ್ಲೂ ಹಸಿರು ಇರ್ತೈತಲ್ಲ, ಹೆಂಗೆ?" ಮೌಸ್ ಎತ್ತಿ ತೋರಿಸಿದೆ. ಅವನು ತನ್ನ ಕೈ ನೋಡಿಕೊಂಡ. ಸ್ಮಾರ್ಟ್ ವಾಚು. ಹೆಜ್ಜೆ ಎಣಿಸುತ್ತದೆ, ಎದೆಬಡಿತ ಎಣಿಸುತ್ತದೆ, ಮಲಗಿದ್ದನ್ನೂ ಎಣಿಸುತ್ತದೆ. ಅದನ್ನೇ ಬಿಚ್ಚಿ ಮೌಸಿನ ಕೆಳಗಿಟ್ಟ. ಪರದೆ ಕಪ್ಪಾಗಿ ಮಲಗಿಬಿಟ್ಟಿತು. ಐದು ನಿಮಿಷಕ್ಕೆ ಸರಿಯಾಗಿ ಹುಡುಗ ಹಳದಿ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ.

"ಅಪ್ಪಯ್ಯ, ದೊಡ್ಡಜ್ಜಂದೂ ಒಂದು ಎಚ್‌ಎಂಟಿ ಇತ್ತಲ್ಲ, ಕಪಾಟಿನಲ್ಲಿ. ಅದು ನಡೀತದಾ?"

"ಕೀಲಿ ಕೊಟ್ರೆ ನಡೀತದೆ. ಎಂತಕ್ಕೆ?"

"ಆಫೀಸಲ್ಲಿ ಕೆಲಸ ಜಾಸ್ತಿ ಆಗಿದೆ."