ಎಡಗೈಗೆ ಬಳಿ ಬ್ಯಾಡ

ನಿನ್ನೆ ಗದಗ ಕಡೆ ಬೀಗರ ಮನೆಯಲ್ಲಿ ಕುಬಸ (ಸೀಮಂತ) ಇತ್ತು. ಬಳೆಗಾರ ಎಲ್ಲರಿಗೂ ಹಸಿರು ಬಳೆ ಇಡುತ್ತ ನನ್ನ ಹತ್ತಿರ ಬಂದ. "ಎಡಗೈಗೆ ಬ್ಯಾಡಪಾ, ಬಲಗೈಗಷ್ಟ ಇಡು" ಅಂದೆ. "ಯಾಕ್ರೀ ಅಕ್ಕಾರ?" ಅಂದ. "ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿದಾಗ ಕಂಕುಳಾಗಿನ ಗ್ರಂಥಿನೂ ತೆಗದಾರ. ಈ ಕೈ ಬಾವು ಬರತೈತಿ, ಗಾಜು ಚುಚ್ಚಬಾರದು" ಅಂದೆ.

ಪಕ್ಕದಲ್ಲಿದ್ದ ಚಿಗವ್ವ ತೊಡೆ ಚಿವುಟಿದಳು. "ಬಸುರಿ ಹೆಣಮಗಳ ಮುಂದ ಅದರ ಹೆಸರ ಎತ್ತತಾರೇನ? ಕೈ ನೂಸತೈತಿ ಅಂದಿದ್ರ ಸಾಕಾಗತಿತ್ತ."

ಮೂರು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. 'ಆ ಬ್ಯಾನಿ' ಅನ್ನು, ಹೆಸರು ಮಾತ್ರ ಹೇಳಬೇಡ. ಕಿಮೋದಲ್ಲಿ ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟು ಬಂದಾಳ ಅಂತ ನಮ್ಮ ಮನೆಯವರೇ ಓಣಿಗೆಲ್ಲ ಹೇಳಿದರು. ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತದೆ.

ಊಟವಾಗಿ ಹಿತ್ತಲಲ್ಲಿ ಕೈ ತೊಳೆಯುವಾಗ ಒಬ್ಬಳು ಸೆರಗು ಹಿಡಿದಳು. ಯಾರಂತ ಹೇಳುವುದಿಲ್ಲ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಅಕ್ಕಾ, ನನಗೂ ಒಂದ ಗಂಟ ಐತಿ. ಯುಗಾದಿ ಮುಂದ ಕೈಗೆ ಹತ್ತಿತ್ತ. ನೂಸೂದಿಲ್ಲ, ಅದಕ್ಕ ಸುಮ್ನ ಅದೀನಿ."

ನೂಸೂದಿಲ್ಲ! ಎದೆ ಝಲ್ಲೆಂದಿತು. ಇದೇ ಮಾತು ನಂಬಿ ನಾಲ್ಕು ತಿಂಗಳು ಕಳೆದವಳು ನಾನು. ಗಂಡನಿಗೂ ಹೇಳಿರಲಿಲ್ಲ. ಈ ರೋಗದ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರೆಲ್ಲ ಕೈನೋವು, ಬೆನ್ನುನೋವು ಅಂತ ಮುಚ್ಚಿಟ್ಟಿದ್ದರು. ನಮ್ಮ ದೊಡ್ಡವ್ವ ಎದೆಯ ಕ್ಯಾನ್ಸರ್‌ನಿಂದಲೇ ತೀರಿಕೊಂಡಳು ಅಂತ ನನಗೆ ಗೊತ್ತಾದದ್ದು ನನ್ನ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ, ಆದ ಮೇಲೆ. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಡಾಕ್ಟರು ಕೇಳಿದಾಗ ಅವ್ವ ತಲೆ ತಗ್ಗಿಸಿದಳು. ಆ ತಲೆ ತಗ್ಗಿಸಿದ್ದನ್ನು ನಾನು ಮರೆತಿಲ್ಲ.

2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು. ಸತ್ತವರು ಸುಮಾರು 98 ಸಾವಿರ. ಅದರಲ್ಲಿ ಎಷ್ಟು ಮಂದಿ ನನ್ನ ಹಾಗೆ ಗಂಟು ಮುಚ್ಚಿಟ್ಟುಕೊಂಡು ದಿನ ತಳ್ಳಿದರೋ.

ಹೆಣ್ಣುಮಕ್ಕಳ ಮದುವೆ ಆಗಬೇಕು, ಜನ ಏನಂತಾರ ಅನ್ನುತ್ತಾರೆ. ನನಗೂ ಮಗಳಿದ್ದಾಳೆ, ಆ ಚಿಂತೆ ನನಗೂ ಇದೆ. ಆದರೆ ಈ ಕ್ಯಾನ್ಸರ್ ಆದ ನೂರು ಮಂದಿಯಲ್ಲಿ ವಂಶದಿಂದ ಬರುವುದು ಐದರಿಂದ ಹತ್ತು ಮಂದಿಗೆ. ನನ್ನ ಮಗಳು ಅವರಲ್ಲಿ ಒಬ್ಬಳೇ ಆಗಿದ್ದರೂ ಅವಳಿಗೆ ಬೇಕಾದದ್ದು ಬೇಗ ತಪಾಸಣೆ, ನನ್ನ ಗುಟ್ಟಲ್ಲ. ಇದನ್ನು ಕೇಳಿ ಹಿಂದೆ ಸರಿಯುವ ಬೀಗರು ನಮಗೆ ಬೇಡ.

ಗಂಟು ಅಂದ ಕೂಡಲೇ ಕ್ಯಾನ್ಸರ್ ಅಲ್ಲ, ಬಹಳಷ್ಟು ಅಲ್ಲವೇ ಅಲ್ಲ, ಆದರೆ ಮ್ಯಾಮೊಗ್ರಾಮ್ (ಎದೆಗಂಟಿನ ಎಕ್ಸ್‌ರೇ) ಮಾಡಿ, ಬೇಕಾದರೆ ಸೂಜಿ ಹಾಕಿ ನೋಡದೆ ಯಾರೂ ಹೇಳಲಾರರು ಅಂತ ಅವಳಿಗೆ ಹೇಳಿದೆ. ಸೋಮವಾರ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಬರುತ್ತಾಳೆ. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

"ಮನ್ಯಾಗ ಏನಂತ ಹೇಳಿ ಬರ್ಲಿ ಅಕ್ಕಾ?" ಅಂದಳು.

"ಎದ್ಯಾಗ ಗಂಟ ಐತಿ, ತೋರಸಾಕ ಹೊಂಟೀನಿ ಅಂತ ಹೇಳಿ ಬಾ" ಅಂದೆ.